ಅಜ್ಜಿಯ ಹೆಸರಿನ ಯುಪಿಎಸ್

ನಮ್ಮ ಮನೆಗೆ ಯುಪಿಎಸ್ ಬಂದಿದ್ದು ಅಜ್ಜಿಯ ಹೆಸರಿನಲ್ಲಿ. ಅಪ್ಪ ಊರಿನವರಿಗೆ ಹಾಗೆಯೇ ಹೇಳಿದರು, ನೆಂಟರಿಗೂ ಹಾಗೆಯೇ ಹೇಳಿದರು. ಪೆಟ್ಟಿಗೆ ಇಳಿಸಿದ ಆಟೋದವನು ಏನನ್ನೂ ಕೇಳಿರಲಿಲ್ಲ, ಅವನಿಗೂ ಹೇಳಿದರು.

"ನಮ್ಮವ್ವಂಗೆ ಕಣಪ್ಪ. ಉಸ್ರಿಂದು ತೊಂದ್ರೆ. ನಮ್ಗೇನು, ಸೀಮೆಣ್ಣೆ ಬುಡ್ಡೀಲೇ ಬೆಳ್ದೋರು."

ಜಗಲಿಯ ಮೇಲೆ ಕೂತಿದ್ದ ಅಜ್ಜಿ, ತನ್ನ ಹೆಸರಿನಲ್ಲಿ ಬಂದ ಪೆಟ್ಟಿಗೆ ತನ್ನ ಮುಂದೆಯೇ ಹಾದು ನಡುಮನೆಗೆ ಹೋಗುವುದನ್ನು ನೋಡಿದಳು. "ಬಾಳ ತೂಕ ಅದೆ ಅಂತ ಕಾಣ್ತದೆ," ಎಂದಳು. ಅಷ್ಟೇ.

ನಮ್ಮೂರು ಬೆಟ್ಟದಪುರದ ಪಕ್ಕದ್ದು. ಊರಿನ ಸುತ್ತ ತಂಬಾಕು, ಮನೆಯ ಹಿಂದೆ ತಂಬಾಕು ಬೇಯಿಸುವ ಬ್ಯಾರನ್, ಮನೆಯೊಳಗೆ ಬೆಂದ ಸೊಪ್ಪಿನ ರಾಶಿ. ಅಜ್ಜಿಗೆ ಉಬ್ಬಸ. ಸೊಪ್ಪು ಬ್ಯಾರನ್ ಏರುವ ಕಾಲಕ್ಕೆ ಶುರುವಾಗಿ, ಬೇಲು ಕಟ್ಟಿ ಹರಾಜಿಗೆ ಕಳಿಸುವ ಹೊತ್ತಿಗೆ ಅದು ಕಡಿಮೆಯಾಗುತ್ತಿತ್ತು. ಉಬ್ಬಸಕ್ಕೆ ಕಾರಣವೇನಿರಬಹುದು ಎಂದು ಪಿರಿಯಾಪಟ್ಟಣದ ಡಾಕ್ಟರು ಕೇಳಿದಾಗ ಅಪ್ಪ ಹವಾಮಾನ ಎಂದರು. ಅಮ್ಮ ಹಲಸಿನ ಹಣ್ಣು ಎಂದಳು. ಚಿಕ್ಕಪ್ಪ ವಯಸ್ಸು ಎಂದರು. ಬಟ್ಟೆಯ ಮಡಿಕೆಯಲ್ಲೆಲ್ಲ ಸೊಪ್ಪಿನ ಧೂಳು ತುಂಬಿಕೊಂಡು ಕೂತಿದ್ದ ಮೂವರೂ ತಂಬಾಕಿನ ಹೆಸರೆತ್ತಲಿಲ್ಲ. ಡಾಕ್ಟರೂ ಎತ್ತಲಿಲ್ಲ. ಅವರ ತಂದೆಯ ಊರಿನಲ್ಲಿ ಅವರಿಗೂ ಬ್ಯಾರನ್ ಇತ್ತು.

ಅದಕ್ಕೆ ಬದಲಾಗಿ ಅವರು ಒಂದು ಯಂತ್ರ ಬರೆದುಕೊಟ್ಟರು. ದ್ರವದ ಮದ್ದನ್ನು ಮಂಜಿನಂತೆ ಮಾಡಿ, ಮೂಗು ಬಾಯಿ ಮುಚ್ಚುವ ಮಾಸ್ಕಿನೊಳಗೆ ಕಳಿಸುವ ಯಂತ್ರ. ಡಾಕ್ಟರು ಅದನ್ನು ನೆಬ್ಯುಲೈಜರ್ ಎಂದರು. ನಮ್ಮ ಮನೆಯಲ್ಲಿ ಹಬೆ ಮಿಷನ್ ಆಯಿತು. ಉಸಿರು ಜೋರಾಗಿ ಕಟ್ಟಿದಾಗ ಮಾತ್ರೆಗೆ ಕಾಯುವ ಹಾಗಿಲ್ಲ, ಇದನ್ನೇ ಇಡಬೇಕು ಎಂದು ಅವರು ಎರಡೆರಡು ಸಲ ಹೇಳಿದರು. ಆಮೇಲೆ, "ನಿಮ್ ಕಡೆ ಕರೆಂಟ್ ಕಥೆ ಗೊತ್ತಲ್ಲ, ಒಂದು ಯುಪಿಎಸ್ ಹಾಕಿಸ್ಕೊಂಡ್ಬಿಡಿ," ಎಂದರು. ಅಪ್ಪನಿಗೂ ಚಿಕ್ಕಪ್ಪನಿಗೂ ಉಳಿದ ಯಾವ ಮಾತೂ ನೆನಪಿನಲ್ಲಿ ಉಳಿಯಲಿಲ್ಲ. ಈ ಮಾತು ಮಾತ್ರ ಉಳಿಯಿತು.

ಕಷ್ಟಕಾಲಕ್ಕೆ ಸಿದ್ಧರಾಗಿರುವುದರಲ್ಲಿ ನಮ್ಮ ಮನೆಯವರು ಮೊದಲಿನಿಂದಲೂ ಮುಂದು. ಬೀರುವಿನಲ್ಲಿ ಒಂದು ಎಮರ್ಜೆನ್ಸಿ ಲೈಟು ಇತ್ತು. ಹಾಳಾಗಬಾರದೆಂದು ಅದರ ಪ್ಲಾಸ್ಟಿಕ್ ಕವರ್ ತೆಗೆದಿರಲಿಲ್ಲ. ಕವರ್ ತೆಗೆಯದ್ದರಿಂದ ಚಾರ್ಜಿಗೂ ಹಾಕಿರಲಿಲ್ಲ. ಮೇಣದಬತ್ತಿಯ ಕಟ್ಟು ಅಟ್ಟದ ಮೇಲಿತ್ತು, ಅಟ್ಟ ಹತ್ತುವುದಕ್ಕೆ ಬೆಳಕು ಬೇಕಿತ್ತು. ಟಾರ್ಚಿಗೆ ಸೆಲ್ ಹಾಕಿದರೆ ಸೋರಿ ಹೋಗುತ್ತದೆಂದು ಅಮ್ಮ ಟಾರ್ಚನ್ನು ಒಂದು ಕಡೆ, ಸೆಲ್ಲನ್ನು ಇನ್ನೊಂದು ಕಡೆ ಇಟ್ಟಿದ್ದಳು. ಇದೇ ಸಾಮಾನುಗಳ ಸಾಲಿಗೆ ನನ್ನ ಎಂ.ಎಸ್ಸಿ. ಪದವಿಯೂ ಸೇರಿತ್ತು. ಮುಂದೆ ಕಟ್ಟಿಕೊಂಡವನು ಕೈಬಿಟ್ಟರೆ ಆಗಬಹುದು, ಇರಲಿ ಎಂಬ ಲೆಕ್ಕದಲ್ಲಿ ಓದಿಸಿದ್ದರು. ಮೈಸೂರಿನಿಂದ ಓದು ಮುಗಿಸಿ ಬಂದು ನಾನೂ ಕವರ್ ತೆಗೆಯದ ಲೈಟಿನ ಹಾಗೆಯೇ ಮನೆಯಲ್ಲಿದ್ದೆ. ಯುಪಿಎಸ್ ಬಂದ ದಿನ ನನಗೆ ಸಿಕ್ಕ ಕೆಲಸ ಒಂದೇ, ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಓದಿ ಹೇಳುವುದು.

ವೈರಿಂಗ್ ಮಾಡುವವನು ಬೆಟ್ಟದಪುರದಿಂದ ಬಂದ. ನಡುಮನೆಯ ಮೂಲೆಯಲ್ಲಿ ಬ್ಯಾಟರಿ ಇಟ್ಟು, ಅದಕ್ಕೆ ಅಮ್ಮ ಅರಿಶಿನ ಕುಂಕುಮ ಹಚ್ಚುವ ತನಕ ಕಾದು, ಆಮೇಲೆ ಕೇಳಿದ.

"ಅಣ್ಣ, ಮನೆಗೆಲ್ಲ ಕೊಡಕಾಗಲ್ಲ. ಯಾವ್ಯಾವ್ದುಕ್ಕೆ ಬೇಕು ಯೋಳ್ಬುಡಿ, ಅಷ್ಟುಕ್ಕೇ ಲೈನ್ ಎಳೀತೀನಿ."

ಸಭೆ ಸೇರಿತು. ನಡುಮನೆಯ ಟ್ಯೂಬ್‌ಲೈಟ್ ಬಗ್ಗೆ ಯಾರದೂ ತಕರಾರಿರಲಿಲ್ಲ. ಟಿವಿ ಬೇಕೇ ಬೇಕೆಂದು ಚಿಕ್ಕಪ್ಪ ಹೇಳಿದರು: "ಮಳೆ ಗಾಳಿ ಬಂದು ಎಲ್ಲೆಲ್ಲಿ ಏನಾಗದೆ ಅಂತ ಗೊತ್ತಾಗ್ಬೇಕಲ್ಲಣ್ಣ?" ಮಳೆ ಗಾಳಿಯ ದಿನ ಚಿಕ್ಕಪ್ಪ ಕ್ರಿಕೆಟ್ ಬಿಟ್ಟು ಬೇರೇನನ್ನಾದರೂ ನೋಡಿದ್ದು ನನಗೆ ನೆನಪಿಲ್ಲ. ದೇವರ ಮನೆಯ ಬಲ್ಬು ಅಮ್ಮನದು. ಜಗಲಿಯ ದೀಪ ಅಪ್ಪನದು. ಹಾವು ಚೇಳು ಕಾಣಬೇಕು ಎಂದರು. ಬೀದಿಯವರಿಗೆ ನಮ್ಮ ಜಗಲಿ ಕಾಣುವುದೂ ಅದರಲ್ಲಿ ಸೇರಿತ್ತು. ಕೊನೆಯದು ಸೊಪ್ಪು ವಿಂಗಡಿಸುವ ಕೋಣೆಯ ಟ್ಯೂಬ್‌ಲೈಟ್. ಅದು ಅಜ್ಜಿಯ ಕೋಣೆಗೆ ಅಂಟಿಕೊಂಡೇ ಇದ್ದ ಕೋಣೆ. ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಕೆಲಸ, ಬೆಳಕಿಲ್ಲದೆ ಆಗದು. ಕೆಲಸ ಜೋರಾದಷ್ಟೂ ಧೂಳೂ ಜೋರು. ಆ ಧೂಳಿಗೆ ಅಜ್ಜಿಯ ಯುಪಿಎಸ್‌ನಿಂದ ಬೆಳಕು ಕೊಡುವುದೆಂದು ತೀರ್ಮಾನವಾಯಿತು.

"ನನ್ ಮಿಸೀನ್ಗೆ?" ಎಂದಳು ಅಜ್ಜಿ.

ಅವಳು ಅಲ್ಲೇ ಬಾಗಿಲ ಹತ್ತಿರ ಕೂತಿದ್ದಾಳೆಂಬುದು ಎಲ್ಲರಿಗೂ ಆಗ ಹೊಳೆಯಿತು. ನಾನು ಮಿಷನ್ ತಂದುಕೊಟ್ಟೆ. ವೈರಿಂಗಿನವನು ಅದನ್ನು ಪ್ಲಗ್ಗಿಗೆ ಹಾಕಿ ಒಂದು ಸಲ ಓಡಿಸಿ ನೋಡಿದ. ಕೈಯಲ್ಲಿ ಹಿಡಿಯುವಷ್ಟು ಇದ್ದರೂ ಅದರ ಸದ್ದು ಹಿಟ್ಟಿನ ಗಿರಣಿಯದು. ಕಿಟಕಿಯ ಮೇಲಿದ್ದ ಲೋಟ ನಡುಗಿತು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯಯ್ಯಪ್ಪ! ಇದು ಮಿಕ್ಸೀಗಿಂತ ಎವ್ವಿ ಕಣ್ಲಾ. ಆಗ್ಲೇ ಓದುದ್ಲಲ್ಲ ಮಗ್ಳು, ಎವ್ವಿ ಲೋಡ್ ಆಕ್ಬಾರ್ದು ಅಂತ."

"ಅದರ ತಳದಲ್ಲೇ ಬರೆದಿದೆ ಅಪ್ಪ. ಟಿವಿಗಿಂತ ಹೆಚ್ಚೇನೂ ಎಳೆಯಲ್ಲ," ಎಂದೆ.

"ಬರ್ದಿರದು ಬುಡವ್ವ. ಕಿವಿ ಕೇಳ್ಸಲ್ವಾ ನಿಂಗೆ? ಟಿವಿ ಇಂಗ್ ಬಡ್ಕತದಾ?"

"ಟಿವಿ ಸೌಂಡ್ ಕಮ್ಮಿ ಮಾಡ್ಬೋದು," ಎಂದರು ಚಿಕ್ಕಪ್ಪ. "ಇದುನ್ನ ಕಮ್ಮಿ ಮಾಡಕಾಯ್ತದಾ ಯೋಳು ಮತ್ತೆ."

ವೈರಿಂಗಿನವನು ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಅಮ್ಮ ತಂದ ಕಾಫಿ ನೋಡಿದ. "ಅಣ್ಣ ಯೋಳದೂ ಸರಿಯೇ," ಎಂದ.

ಅಪ್ಪ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮಕ್ಕಳಿಗೆ ಹೇಳುವಂತೆ ಹೇಳಿದರು. "ಮೊದ್ಲು ಯುಪಿಎಸ್ ಉಳೀಲಿ ಕಣವ್ವ. ಅದುಳುದ್ರೆ ತಾನೆ ನಿನ್ನ ಉಳ್ಸದು? ನೀನು ಕರೆಂಟ್ ಇರೋವಾಗ ಅಬೆ ತಕೊಂಡ್ಬುಡು."

ಹೀಗೆ ಅಜ್ಜಿಯ ಯುಪಿಎಸ್‌ನಿಂದ ಅಜ್ಜಿಯನ್ನು ಬಿಟ್ಟು ಉಳಿದೆಲ್ಲಕ್ಕೂ ಲೈನ್ ಹೋಯಿತು. ಉಸಿರು ಕಟ್ಟುವುದಿದ್ದರೆ ಕರೆಂಟ್ ಇರುವ ಹೊತ್ತು ನೋಡಿಕೊಂಡು ಕಟ್ಟಿಸಿಕೊಳ್ಳಬೇಕಾದ ಜವಾಬ್ದಾರಿ ಅಜ್ಜಿಯದಾಯಿತು.

ದಸರೆ ಕಳೆದು, ಸೊಪ್ಪು ವಿಂಗಡಿಸುವ ಕೆಲಸ ಭರದಲ್ಲಿದ್ದಾಗ ಸಿಡಿಲಿನ ಮಳೆ ಬಂತು. ಊರಾಚೆಯ ಟ್ರಾನ್ಸ್‌ಫಾರ್ಮರ್ ಒಂದು ಸಲ ನೀಲಿಯಾಗಿ ಹೊಳೆದು, ದೊಡ್ಡ ಶಬ್ದ ಮಾಡಿ, ಸುಮ್ಮನಾಯಿತು. ಸುಟ್ಟ ಟ್ರಾನ್ಸ್‌ಫಾರ್ಮರ್ ತಾನಾಗಿ ಬದಲಾಗುವುದಿಲ್ಲ. ಅದಕ್ಕೆ ಊರಿನ ಗಂಡಸರು ಮೊದಲು ಅರಳಿಕಟ್ಟೆಯಲ್ಲಿ ಸೇರಿ, ಯಾರ ಪಂಪ್‌ಸೆಟ್ಟಿನಿಂದ ಸುಟ್ಟಿತೆಂದು ಜಗಳವಾಡಬೇಕು. ಸಿಡಿಲು ಬಡಿದದ್ದನ್ನು ಎಲ್ಲರೂ ಕಂಡಿದ್ದರೂ ಈ ಜಗಳ ತಪ್ಪಲಿಲ್ಲ. ಆಮೇಲೆ ಯಾರ ಟ್ರ್ಯಾಕ್ಟರಿನಲ್ಲಿ ಅದನ್ನು ಹೊತ್ತೊಯ್ಯುವುದೆಂಬ ಜಗಳ. ಆಮೇಲೆ ಕರೆಂಟ್ ಆಫೀಸಿನವರು ಬದಲಿ ಇಲ್ಲ, ನಾಳೆ ಬನ್ನಿ ಎನ್ನುವುದು. ಆ ನಾಳೆ ಬರುವಷ್ಟರಲ್ಲಿ ಬೀದಿಯ ಮನೆಗಳಲ್ಲಿ ರುಬ್ಬಿಟ್ಟ ಹಿಟ್ಟಿಗೂ ಸಹನೆಗೂ ಹುಳಿ ಬಂದಿತ್ತು.

ನಮ್ಮ ಮನೆ ಮಾತ್ರ ಬೆಳಗುತ್ತಿತ್ತು. ಅಪ್ಪ ಸಾಯಂಕಾಲವಾದರೆ ಜಗಲಿಯ ದೀಪ ಹಾಕಿ, ಅದರ ಕೆಳಗೆ ಯಾವ ಕೆಲಸವೂ ಇಲ್ಲದೆ ಕೂರುತ್ತಿದ್ದರು. ಹೋಗಿ ಬರುವವರು ನಿಂತು ಕೇಳಿದರೆ, "ಅವ್ವಂಗೋಸ್ಕರ ಆಕ್ಸಿದ್ದು," ಎನ್ನುತ್ತಿದ್ದರು. ಬ್ಯಾಟರಿ ಸೋತಾಗ ಚಿಕ್ಕಪ್ಪ ಅದನ್ನು ಟ್ರ್ಯಾಕ್ಟರಿನಲ್ಲಿಟ್ಟುಕೊಂಡು ಬೆಟ್ಟದಪುರಕ್ಕೆ ಹೋಗಿ ಚಾರ್ಜು ಮಾಡಿಸಿಕೊಂಡು ಬರುತ್ತಿದ್ದರು. ಒಲ್ಲದ ಮನಸ್ಸಿನಿಂದ ತೋಟಕ್ಕೆ ಹೋಗುವ ಮನುಷ್ಯ ಬ್ಯಾಟರಿಗೆ ಮಾತ್ರ ಬೆಳಿಗ್ಗೆಯೇ ಎದ್ದು ಹೊರಡುತ್ತಿದ್ದರು. ಸಂಜೆ ಧಾರಾವಾಹಿಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ. ಅಮ್ಮ ಅವರಿಗೆ ಚಾಪೆ ಹಾಸಿ, ಒಂದೊಂದು ಸಲ ಮಂಡಕ್ಕಿಯನ್ನೂ ಕೊಟ್ಟು, ಧಾರಾವಾಹಿಯನ್ನು ತಾನೇ ಮಾಡಿದ್ದೇನೋ ಎಂಬಂತೆ ಸಂಭ್ರಮಪಡುತ್ತಿದ್ದಳು. ಅದೇ ಹೊತ್ತಿಗೆ ಆಚೆ ಕೋಣೆಯಲ್ಲಿ ಅಪ್ಪ ಮತ್ತು ಇಬ್ಬರು ಆಳುಗಳು ಟ್ಯೂಬ್‌ಲೈಟಿನ ಕೆಳಗೆ ಸೊಪ್ಪು ಕೊಡವುತ್ತಿದ್ದರು.

ಎರಡು ಕೋಣೆಗಳ ನಡುವೆ, ಕತ್ತಲೆಯಲ್ಲಿ, ಅಜ್ಜಿ. ಅವಳ ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು ಶುರುವಾಗಿತ್ತು. ನಾನು ಬಿಸಿನೀರು ಕೊಟ್ಟೆ, ಮಾತ್ರೆ ಕೊಟ್ಟೆ, ಬೆನ್ನಿಗೆ ದಿಂಬು ಒತ್ತುಕೊಟ್ಟೆ. ಮಿಷನ್ನನ್ನು ನಡುಮನೆಗೆ ತೆಗೆದುಕೊಂಡು ಹೋಗೋಣ, ಟಿವಿಯ ಪ್ಲಗ್ಗಿಗೆ ಹಾಕಬಹುದು ಎಂದೆ. ಅಜ್ಜಿ ಬೇಡವೆಂದು ತಲೆ ಆಡಿಸಿದಳು. ಪರರ ಮುಂದೆ ಊಟವನ್ನೂ ಮಾಡದ ಹೆಂಗಸು ಅವಳು. ಬೀಗರು ಬಂದಾಗ ತಾನು ಅಡುಗೆಮನೆಯ ಗೋಡೆಗೆ ಮುಖ ಮಾಡಿ ಉಣ್ಣುವವಳು.

"ಅಷ್ಟ್ ಜನುದ್ ಮುಂದ್ಕೆ ಅದುನ್ನ ಮೂತಿಗ್ ಕಟ್ಕೊಂಡ್ ಕುಂತ್ಕಳ್ಳಾ? ಕಣ ತುಳಿಯೋ ಎತ್ಗೆ ಕುಕ್ಕೆ ಕಟ್ದಂಗೆ? ಬ್ಯಾಡ ಕಣಮ್ಮಿ. ಕರೆಂಟ್ ಬರ್ಲಿ."

ಒಕ್ಕಣೆಯಲ್ಲಿ ಧಾನ್ಯಕ್ಕೆ ಬಾಯಿ ಹಾಕದಂತೆ ಎತ್ತಿನ ಮೂತಿಗೆ ಕಟ್ಟುವ ಬಲೆಯೇ ಕುಕ್ಕೆ. ಮಾಸ್ಕನ್ನು ಮೊದಲ ಸಲ ನೋಡಿದಾಗಿನಿಂದ ಅಜ್ಜಿಗೆ ಅದು ಹಾಗೆಯೇ ಕಂಡಿತ್ತು. ಸುಮ್ಮನೆ ಕಂಡಿದ್ದಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಾನು ಸೊಪ್ಪಿನ ಕೋಣೆಗೆ ಹೋಗಿ, ಅಜ್ಜಿಗೆ ಜಾಸ್ತಿಯಾಗಿದೆ, ಇವತ್ತು ಇಲ್ಲಿಗೆ ನಿಲ್ಲಿಸಿ ಎಂದೆ. ಅಪ್ಪ ಕೈಯಲ್ಲಿದ್ದ ಸೊಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತಲೇ, "ಇದೊಂದ್ ರಾಶಿ ಮುಗುಸ್ಬುಡ್ತೀವಿ ಕಣವ್ವ. ಬ್ಯಾಟ್ರಿ ಇರೋಗಂಟ," ಎಂದರು. ನಡುಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಜಾಹೀರಾತು ಬರ್ಲಿ, ಎದ್ದೆ," ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ಆದರೆ ಅವತ್ತು ಧಾರಾವಾಹಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ಏನೋ ಬೆರೆಸಿ, ಆ ಲೋಟವನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಮೆಟ್ಟಿಲು ಮುಗಿಯುವ ಲಕ್ಷಣ ಇರಲಿಲ್ಲ.

ಹಿಂದಿನಿಂದ ಏನೋ ಉಜ್ಜುವ ಸದ್ದು ಕೇಳಿ ತಿರುಗಿದೆ. ಅಜ್ಜಿ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಮಿಷನ್ನನ್ನು ಎದೆಗವಚಿಕೊಂಡಿದ್ದಳು. ಅದರ ವೈರು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಅವಳ ತುಟಿ ಬಣ್ಣಗೆಟ್ಟಿತ್ತು, ಕುತ್ತಿಗೆಯ ನರ ಒಂದೊಂದು ಉಸಿರಿಗೂ ಎದ್ದು ನಿಲ್ಲುತ್ತಿತ್ತು. ತಲೆಯ ಮೇಲೆ ಸೆರಗಿರಲಿಲ್ಲ. ಅಜ್ಜಿಯನ್ನು ಹಾಗೆ ನಾನು ಅದುವರೆಗೂ ನೋಡಿರಲಿಲ್ಲ.

ಅವಳು ಹೆಂಗಸರ ನಡುವೆ ಕಾಲಿಡುವ ಜಾಗ ಹುಡುಕಿಕೊಂಡು, ಟಿವಿಯ ಮುಂದೆ ಬಂದು, ಬಗ್ಗಿ, ಪ್ಲಗ್ಗನ್ನು ಕಿತ್ತಳು.

ಮೆಟ್ಟಿಲು ಹತ್ತುತ್ತಿದ್ದ ಅತ್ತೆ ಒಂದು ಬಿಳಿ ಚುಕ್ಕೆಯಾಗಿ ಮಾಯವಾದಳು. ಯಾರೋ "ಅಯ್ಯೋ" ಎಂದರು. ಅದು ಅಜ್ಜಿಗೋ ಸೊಸೆಗೋ ತಿಳಿಯಲಿಲ್ಲ.

ನಾನು ಆ ಜಾಗಕ್ಕೆ ಮಿಷನ್ನಿನ ಪ್ಲಗ್ ಚುಚ್ಚಿ, ಮದ್ದು ಹಾಕಿ ಮಾಸ್ಕ್ ಹಿಡಿದೆ. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕಟ್ಟಿಕೊಂಡಳು. ಮಿಷನ್ ಗಿರಣಿಯಂತೆ ಹೊಡೆದುಕೊಳ್ಳತೊಡಗಿತು. ಆ ಸದ್ದಿಗೆ ಸೊಪ್ಪಿನ ಕೋಣೆಯಿಂದ ಅಪ್ಪ ಓಡಿ ಬಂದರು. ನೇರವಾಗಿ ಯುಪಿಎಸ್‌ನ ಹತ್ತಿರ.

"ಓಯ್ತದೆ ಕಣ್ರೋ! ಸುಟ್ಟೋಯ್ತದೆ! ಯಾರ್ ಆಕಿದ್ದು ಇದುನ್ನ?"

ಅಪ್ಪ ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಯುಪಿಎಸ್‌ನ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತರು. ಸುಡಲಿಲ್ಲ. ಟ್ಯೂಬ್‌ಲೈಟ್ ಮಿಣುಕಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅವರು ತಿರುಗಿ ನೋಡಿದರು. ಆಗ ಅಜ್ಜಿ ಕಂಡಳು. ಅಪ್ಪನ ಕೈ ಯುಪಿಎಸ್ ಮೇಲಿಂದ ನಿಧಾನಕ್ಕೆ ಕೆಳಗಿಳಿಯಿತು. ಏನೋ ಹೇಳಲು ಬಾಯಿ ತೆರೆದರು. ಸದ್ದಿನಲ್ಲಿ ಕೇಳಿಸದು ಎಂದು ಗೊತ್ತಾಗಿ ಮುಚ್ಚಿದರು.

ಮದ್ದು ಮುಗಿಯುವ ತನಕ ನಡುಮನೆಯ ಅಷ್ಟೂ ಜನ ಅಜ್ಜಿಯನ್ನೇ ನೋಡುತ್ತ ಕೂತರು. ಬೇರೆ ನೋಡಲು ಏನೂ ಇರಲಿಲ್ಲ. ಸಿಳ್ಳೆ ಸಣ್ಣದಾಯಿತು, ಭುಜ ಇಳಿಯಿತು, ತುಟಿಗೆ ಬಣ್ಣ ಬಂತು. ಅಜ್ಜಿ ಮಾಸ್ಕ್ ತೆಗೆದು, ಸೆರಗು ತಲೆಗೆಳೆದುಕೊಂಡು, ಬೀದಿಯ ಹೆಂಗಸರನ್ನು ಆಗಷ್ಟೇ ಕಂಡವಳಂತೆ, "ಊಟ ಆಯ್ತೇನ್ರವ್ವ?" ಎಂದಳು.

ಪಕ್ಕದ ಮನೆಯಾಕೆ ಧೈರ್ಯ ಮಾಡಿದಳು. "ದೊಡ್ಡವ್ವ, ಇದು ಬಾಳ ಚೆನ್ನಾಗದೆ. ನಮ್ಮ ಮಾವಂಗೂ ರಾತ್ರಿಯೆಲ್ಲ ಕೆಮ್ಮು. ಒಂದ್ಕಿತ ಇಟ್ಕೊಡಿ ಮತ್ತೆ."

"ಔಸ್ದಿ ಡಾಕ್ಟ್ರು ಕೊಡ್ಬೇಕು ಕಣೆ," ಎಂದಳು ಅಜ್ಜಿ. "ಇದೇನ್ ಬೀಡಿನಾ, ಒಂದ್ ದಮ್ ನೀನೂ ಎಳಿ ಅಂತ ಕೊಡಕೆ?"

ಹೆಂಗಸರು ನಕ್ಕರು. ಅಮ್ಮ ನಗಲಿಲ್ಲ, ಎದ್ದು ಹೋಗಿ ಅಜ್ಜಿಗೆ ಬಿಸಿನೀರು ತಂದಳು. ಅಪ್ಪ ಅಲ್ಲೇ ನಿಂತು ಗಂಟಲು ಸರಿಮಾಡಿಕೊಂಡು, "ಆಯ್ತದೆ ಅಂತ ನಂಗೊತ್ತಿತ್ತು. ಒಳ್ಳೆ ಕಂಪ್ನಿದು," ಎಂದರು.

ಮರುದಿನದಿಂದ ಮನೆಯ ವ್ಯವಸ್ಥೆ ಬದಲಾಯಿತು. ಯಾರೂ ಸಭೆ ಸೇರಲಿಲ್ಲ. ಸಂಜೆಯಾದರೆ ಅಜ್ಜಿ ಮಿಷನ್ ಎತ್ತಿಕೊಂಡು ಬಂದು ಟಿವಿಯ ಪಕ್ಕದಲ್ಲೇ ಕೂರುತ್ತಿದ್ದಳು. ಡಾಕ್ಟರು ಹೇಳಿದ್ದ ಹೊತ್ತು ಧಾರಾವಾಹಿಯ ಹೊತ್ತೂ ಆಗಿತ್ತು. ಇದನ್ನು ನಾನು ಡಾಕ್ಟರ ಚೀಟಿಯಲ್ಲಿ ನೋಡಿಲ್ಲ, ಅಜ್ಜಿಯ ಬಾಯಿಂದಲೇ ಕೇಳಿದ್ದು. ಬ್ಯಾಟರಿ ಸೋಲುತ್ತಿರುವ ಕುಂಯ್ ಕುಂಯ್ ಸದ್ದು ಬಂದರೆ, ಮಾಸ್ಕ್ ಸ್ವಲ್ಪ ಸರಿಸಿ, "ಆ ಸೊಪ್ಪಿನ್ ರೂಮಿಂದು ಆರ್ಸ್ಲಾ," ಎನ್ನುತ್ತಿದ್ದಳು. ಎದುರಿಗೆ ಬೀದಿಯ ಹೆಂಗಸರೆಲ್ಲ ಇರುವಾಗ, ಅವ್ವನಿಗೋಸ್ಕರ ಯುಪಿಎಸ್ ಹಾಕಿಸಿದ ಮಗ ಆರಿಸದೆ ಏನು ಮಾಡುತ್ತಾರೆ? ಸೊಪ್ಪು ವಿಂಗಡಿಸುವುದು ಹಗಲಿನ ಬೆಳಕಿಗೆ, ಹಿತ್ತಲಿನ ಚಪ್ಪರದ ಕೆಳಗೆ ಹೋಯಿತು. ಬಣ್ಣ ಅಲ್ಲೇ ಚೆನ್ನಾಗಿ ಕಾಣುತ್ತದೆ ಎಂದು ಆಳುಗಳು ಹೇಳಿದ್ದು ಅಪ್ಪನಿಗೆ ಹಿಡಿಸಲಿಲ್ಲ. ಧೂಳು ಮನೆಯಿಂದ ಹೊರಗೆ ಹೋಗಿದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಜ್ಜಿ ರಾತ್ರಿ ಮಲಗಿ ನಿದ್ದೆ ಮಾಡತೊಡಗಿದಳು.

ಕೊನೆಗೆ ಟ್ರಾನ್ಸ್‌ಫಾರ್ಮರ್ ಬಂತು. ಅದನ್ನು ತಂದ ಟ್ರ್ಯಾಕ್ಟರಿಗೆ ಕಾಯಿ ಒಡೆದರು. ಕರೆಂಟ್ ಬಂದ ಕೂಡಲೇ ಊರಿನವರೆಲ್ಲ ಪಂಪ್‌ಸೆಟ್ಟನ್ನು ಒಟ್ಟಿಗೇ ಹಾಕಿ, ಮುಂದಿನ ಸಲಕ್ಕೆ ತಯಾರಿ ಶುರು ಮಾಡಿದರು.

ಅಪ್ಪ ವೈರಿಂಗಿನವನನ್ನು ಮತ್ತೆ ಕರೆಸಿದರು. ಅಜ್ಜಿಯ ಕೋಣೆಗೆ ಯುಪಿಎಸ್ ಲೈನ್ ಎಳೆಯಬೇಕು, ಅವ್ವ ಹೀಗೆ ಜನರ ಮಧ್ಯೆ ಕೂರುವುದು ಸರಿಯಲ್ಲ ಎಂದು ಅವನಿಗೆ ಹೇಳುವಾಗ ಅವರ ದನಿಯಲ್ಲಿ ನಿಜವಾದ ಕಳಕಳಿಯಿತ್ತು. ಧಾರಾವಾಹಿ ತಪ್ಪಿ ಅಮ್ಮನೂ, ಕ್ರಿಕೆಟ್ ತಪ್ಪಿ ಚಿಕ್ಕಪ್ಪನೂ ಅದೇ ಕಳಕಳಿಗೆ ಬಂದು ಮುಟ್ಟಿದ್ದರು. ಅವನು ವೈರಿನ ಸುರುಳಿ ಬಿಚ್ಚಿ, ಏಣಿ ನಿಲ್ಲಿಸಿದ.

"ಬ್ಯಾಡ ಬುಡ್ಲಾ," ಎಂದಳು ಅಜ್ಜಿ.

"ಯಾಕವ್ವ? ನಿನ್ ರೂಮಲ್ಲೇ ನೆಮ್ದಿಯಾಗಿ ತಕೊಬೋದಲ್ಲ. ಯಾರ್ ಕಾಟಾನೂ ಇರಲ್ಲ."

"ರೂಮಲ್ಲಿ ಉಸ್ರು ಕಟ್ಟುದ್ರೆ ನಂಗೊಬ್ಳಿಗೇ ಗೊತ್ತಾಗದು ಕಣ್ಲಾ. ಇಲ್ಲಾದ್ರೆ ನಿಮ್ಮ ಟಿವಿಗೂ ಗೊತ್ತಾಯ್ತದೆ."

ಅಪ್ಪ ನನ್ನ ಕಡೆ ನೋಡಿದರು. ಓದಿದವಳು ಅಜ್ಜಿಗೆ ಏನಾದರೂ ಬುದ್ಧಿ ಹೇಳಲಿ ಎಂಬಂತೆ. ನಾನು ಮಿಷನ್ನಿನ ವೈರನ್ನು ಸುತ್ತಿ ಟಿವಿಯ ಪಕ್ಕದಲ್ಲಿ, ಅದರ ಜಾಗದಲ್ಲಿಟ್ಟೆ.

ವೈರಿಂಗಿನವನು ಏಣಿಯ ಮೇಲೇ ನಿಂತಿದ್ದ. "ಅಂಗಾದ್ರೆ ಬಿಚ್ಚಿರೋ ವೈರ್ ಏನ್ ಮಾಡ್ಲಣ್ಣ?"

ಅಪ್ಪ ಹಿತ್ತಲ ಬಾಗಿಲ ಕಡೆ ನೋಡಿದರು.

"ಬ್ಯಾರನ್ ಬಾಗ್ಲಿಗೆ ಒಂದ್ ಬಲ್ಬ್ ಆಕ್ಬುಡು. ಅವ್ವ ಯಾವತ್ತಾರ ಆ ಕಡೀಕ್ ಬಂದ್ರೆ ಕಾಣ್ಬೇಕಲ್ಲ."